ಮೊಣಕಾಲಕ್ಕ ಆರಿಸಿದ ಮನೆ

ನನ್ನ ಗಂಡನ ತಂಗಿಯನ್ನು ಊರಿನವರೆಲ್ಲ ಮೊಣಕಾಲಕ್ಕ ಎಂದೇ ಕರೆಯುತ್ತಾರೆ. ದಾರಿಯಲ್ಲಿ ಸಿಕ್ಕವರನ್ನು ಊಟ ಆಯಿತಾ, ಮಕ್ಕಳು ಹೇಗಿದ್ದಾರೆ ಎಂದು ಕೇಳುವುದು ಎಲ್ಲರ ರೂಢಿ. ಇವಳು ಕೇಳುವುದು ಒಂದೇ ಪ್ರಶ್ನೆ: "ಮೊಣಕಾಲು ಹೇಗಿದೆ?" ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳನ್ನೂ ಹಾಗೇ ಕೇಳಿದ್ದಳು. ಆ ಹುಡುಗಿ ಗಾಬರಿಯಾಗಿ ಗಂಡನ ಮುಖ ನೋಡಿದ್ದು ಇನ್ನೂ ನನ್ನ ಕಣ್ಣ ಮುಂದಿದೆ.

ಅವಳನ್ನು ಹೊಗಳುವವರು ಈಗ ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಅವಳ ಕತೆ ಹೇಳುವ ಹಕ್ಕು ನನಗೇ ಹೆಚ್ಚು, ಏಕೆಂದರೆ ಅವಳ ಜೊತೆ ನನ್ನಷ್ಟು ಜಗಳವಾಡಿದವರು ಬೇರೆ ಯಾರೂ ಇಲ್ಲ.

ಮೊದಲು ನಮ್ಮ ಊರಿನ ವಿಷಯ ಹೇಳಿಬಿಡುತ್ತೇನೆ. ಭೂಪಟದಲ್ಲಿ ನೋಡಿದರೆ ನಮ್ಮದು ಸೆಖೆಯ ನಾಡು. ಭೂಪಟ ಬರೆದವರು ನಮ್ಮ ಊರಿನಲ್ಲಿ ಒಂದು ರಾತ್ರಿಯೂ ಮಲಗಿಲ್ಲ, ಅಷ್ಟೇ. ಬೆಟ್ಟದ ಸೊಂಟದ ಮೇಲೆ ನಾವಿದ್ದೇವೆ. ಮಧ್ಯಾಹ್ನದ ಬಿಸಿಲು ಚರ್ಮ ಸುಲಿಯುತ್ತದೆ, ಮಧ್ಯಾಹ್ನ ದಾಟಿದರೆ ಕೆಳಗಿನಿಂದ ಮಂಜು ಹತ್ತಿ ಬರುತ್ತದೆ, ಸಂಜೆಗೆ ಕಂಬಳಿ ಬೇಕೇ ಬೇಕು. ಆಲೂಗಡ್ಡೆ, ಕೋಸು, ಕ್ಯಾರೆಟ್ ಬೆಳೆಯುತ್ತೇವೆ. ನೆತ್ತಿಯ ಆಚೆ ಬದಿಯಿಂದ ಚಾರಣಿಗರು ಹತ್ತುತ್ತಾರೆ, ನೆತ್ತಿ ದಾಟಿ ನಮ್ಮ ಕಡೆಗೆ ಇಳಿಯುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ: ನಮ್ಮ ಊರಿಗೆ ಬರುವ ಚಾರಣಿಗ ಹತ್ತಿ ಬಂದವನಲ್ಲ, ಇಳಿದು ಬಂದವನು. ಇಷ್ಟು ಸುಲಭದ ಮಾತು ಊರಿಗೆ ಊರೇ ಮರೆತಿತ್ತು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಾದಿನಿ ಆಗಲೇ ಚಾರಣಿಗರ ಹೊರೆ ಹೊರುತ್ತಿದ್ದಳು. ಟೆಂಟು, ಸ್ಟವ್, ಪಾತ್ರೆಗಳ ಮೂಟೆಯನ್ನು ಬೆನ್ನಿಗೆ ಏರಿಸಿ ಹೊರಟಳೆಂದರೆ ಗಂಡಸರು ಏದುಸಿರು ಬಿಡುತ್ತಾ ಹಿಂದೆ ಉಳಿಯುತ್ತಿದ್ದರು. ಮದುವೆಯ ಮಾತು ಎತ್ತಿದವರಿಗೆ ಅವಳ ಉತ್ತರ ಸಿದ್ಧವಾಗಿತ್ತು: "ನನಗೆ ಒಂದು ಹೊರೆ ಸಾಕು. ಇನ್ನೊಂದು ಬೇಡ." ನನ್ನ ಗಂಡ ಇದನ್ನು ಕೇಳಿ ಪ್ರತಿಸಲವೂ ನಗುತ್ತಿದ್ದರು. ಹೊರೆ ಎಂದರೆ ತಮ್ಮಂಥವರು ಎಂದು ಅವರಿಗೆ ಹೊಳೆದಿರಲಿಲ್ಲ.

ಒಂದು ಮಳೆಗಾಲದ ಕೊನೆಯಲ್ಲಿ, ಬೇರೊಂದು ದಾರಿಯಲ್ಲಿ ಇಳಿಯುವಾಗ, ಅವಳ ಬಲ ಮೊಣಕಾಲು ಕೈ ಕೊಟ್ಟಿತು. ಬಿದ್ದದ್ದು ದೊಡ್ಡ ಪ್ರಪಾತಕ್ಕೇನೂ ಅಲ್ಲ, ಪಾಚಿ ಕಟ್ಟಿದ ಒಂದು ಬಂಡೆಯ ಮೇಲೆ. ಪಾತ್ರೆಗಳು ಉರುಳುತ್ತಾ ತನಗಿಂತ ಮೊದಲೇ ಊರು ಮುಟ್ಟಿದವು ಎಂದು ಅವಳೇ ನಗುತ್ತಾ ಹೇಳುತ್ತಾಳೆ. ಕುಂಟುತ್ತಾ ಕೆಳಗೆ ಬಂದರೆ, ತಂಡಕ್ಕೆ ಗೊತ್ತುಮಾಡಿದ್ದ ಮನೆಯಲ್ಲಿ ಮಲಗುವ ಕೋಣೆ ಮಹಡಿಯ ಮೇಲೆ. ಅವಳು ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಕೈಯೂರಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಸರಿಯುತ್ತಾ ಏರಿದಳು. ಅರ್ಧ ಏರಿ ಕೆಳಗೆ ನೋಡುತ್ತಾಳೆ, ಮೊಣಕಾಲು ನೆಟ್ಟಗಿದ್ದ ಚಾರಣಿಗರೂ ಹಾಗೇ ಸಾಲಾಗಿ ಕೂತುಕೊಂಡು ಏರುತ್ತಿದ್ದಾರೆ! ದಿನವಿಡೀ ಇಳಿದ ಕಾಲು ಮೆಟ್ಟಿಲು ಹತ್ತಲು ಒಪ್ಪುತ್ತಿರಲಿಲ್ಲ. ಪಟ್ಟಣದ ದೊಡ್ಡ ದೊಡ್ಡ ಮನುಷ್ಯರು ಅಂಬೆಗಾಲಿನ ಮಕ್ಕಳಾಗಿದ್ದರು. ಅವಳಿಗೆ ನೋವಿನಲ್ಲೂ ನಗು ಬಂತಂತೆ.

ಭಾರದ ಹೊರೆ ಅಲ್ಲಿಗೆ ಮುಗಿಯಿತು. ಗೈಡ್‌ಗಳ ಸಂಘದವರು ಅವಳನ್ನು ಕೈಬಿಡಲಿಲ್ಲ. ದಾರಿಯುದ್ದಕ್ಕೂ ಚಾರಣಿಗರು ತಂಗಲು ಮನೆ ಆರಿಸುವ ಕೆಲಸ ಕೊಟ್ಟರು. ಅದಕ್ಕೂ ಮೊದಲು ಆ ಕೆಲಸ ಮಾಡುತ್ತಿದ್ದವರು ಜೀಪಿನಲ್ಲಿ ಬರುತ್ತಿದ್ದರು. ಟೀ ಕುಡಿದು, ಕಿಟಕಿಯಾಚೆ ನೋಡಿ ಆಹಾ ಎಂದು, ಹಾಸಿಗೆಯನ್ನು ಅಂಗೈಯಲ್ಲಿ ಒತ್ತಿ ನೋಡಿ ಹೊರಟುಬಿಡುತ್ತಿದ್ದರು. ಇವಳು ಜೀಪು ಹತ್ತಲೇ ಇಲ್ಲ. ಮೊಣಕಾಲಿಗೆ ಪಟ್ಟಿ ಸುತ್ತಿ, ಎರಡು ಕೈಗೆ ಎರಡು ಕೋಲು ಹಿಡಿದು, ಬೆನ್ನಿಗೆ ಹಗುರಾದರೂ ಒಂದು ಹೊರೆ ಹಾಕಿಕೊಂಡು ನೆತ್ತಿಗೆ ಹೋಗುತ್ತಿದ್ದಳು. ಅಲ್ಲಿಂದ ಇಳಿದು, ಕಾಲು ಗಡಗಡ ನಡುಗುವ ಹೊತ್ತಿಗೆ ಮನೆಯ ಬಾಗಿಲಿಗೆ ಬರುತ್ತಿದ್ದಳು. "ದಣಿಯದೆ ಮನೆ ನೋಡಬಾರ್ದು ಅತ್ತಿಗೆ. ಹೊಟ್ಟೆ ತುಂಬಿದವನ ಹತ್ರ ಅಡುಗೆ ರುಚಿ ಕೇಳಿದ ಹಾಗಾಗುತ್ತೆ" ಎನ್ನುತ್ತಿದ್ದಳು. ಸಂಘಕ್ಕೆ ಬರುತ್ತಿದ್ದ ದೂರುಗಳು ಕಡಿಮೆಯಾದವು. ಕೆಳಗಿನ ಪೇಟೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಯಾರ ಹಂಗೂ ಇಲ್ಲದೆ ತಲೆ ಎತ್ತಿಕೊಂಡು ಬದುಕುತ್ತಿದ್ದಳು.

ಹೀಗಿರುವಾಗ ನಮ್ಮ ಊರಿನ ಕಡೆಗೆ ಇಳಿಯುವ ದಾರಿ ತೆರೆಯಿತು. ಸಂಘದ ಕ್ರಮದಂತೆ ಊರಿಗೆ ಒಂದೇ ಮನೆ, ಆ ಮನೆಯ ಬಾಗಿಲಿಗೆ ಸಂಘದ ಬೋರ್ಡು. ಸುದ್ದಿ ಬಂದದ್ದೇ ತಡ, ಊರಿಗೆ ಹುಚ್ಚು ಹಿಡಿಯಿತು. ಅಂಗಡಿಯಣ್ಣ ದಾರಿಯಿಂದ ಎತ್ತರದಲ್ಲಿದ್ದ ತನ್ನ ಮನೆಗೆ ಗೋಡೆಯಷ್ಟು ದೊಡ್ಡ ಗಾಜು ಹಾಕಿಸಿದ. ಅಲ್ಲಿಗೆ ಹೋಗಲು ಉದ್ದನೆಯ ಕಲ್ಲಿನ ಮೆಟ್ಟಿಲುಗಳ ಸಾಲು, ಎರಡು ಬದಿಗೂ ಹೂವಿನ ಕುಂಡ. ನಿವೃತ್ತ ಮೇಷ್ಟ್ರು ತಮ್ಮ ಮಹಡಿಗೆ ಮರದ ನೆಲ ಹಾಕಿಸಿ, ಅದರ ಮೇಲೆ ತಾವೇ ಚಪ್ಪಲಿ ಬಿಟ್ಟು ತುದಿಗಾಲಲ್ಲಿ ನಡೆಯತೊಡಗಿದರು.

ನಾನೇನು ಕಮ್ಮಿಯೇ? ನಮ್ಮ ಮನೆಯ ಮೇಲೆ ಒಂದು ಕೋಣೆ ಇತ್ತು. ಅದನ್ನು ಚೆಂದ ಮಾಡಬೇಕೆಂಬುದು ನನ್ನ ಎಷ್ಟೋ ವರ್ಷದ ಆಸೆ. ಕೆಡವುತ್ತಿದ್ದ ಯಾವುದೋ ಹಳೆಯ ಬಂಗಲೆಯ ಕಿಟಕಿಯನ್ನು ನನ್ನ ಗಂಡ ಬೆನ್ನ ಮೇಲೆ ಹೊತ್ತು ತಂದರು. ಗೋಡೆಗೆ ನಾನೇ ಬಣ್ಣ ಬಳಿದೆ. ನೀಲಿ ಬಟ್ಟೆ ತಂದು ಕೈಯಲ್ಲೇ ಹೊಲಿದು ಪರದೆ ಹಾಕಿದೆ. ಆ ಕಿಟಕಿಯಲ್ಲಿ ನಿಂತರೆ ಒಂದು ಕಡೆ ನೆತ್ತಿಯಿಂದ ಇಳಿಯುವ ದಾರಿ, ಇನ್ನೊಂದು ಕಡೆ ಇಡೀ ಕಣಿವೆ. ಬೋರ್ಡು ನಮ್ಮದೇ ಎಂದು ನನಗೆ ಅನುಮಾನವೇ ಇರಲಿಲ್ಲ. ಆರಿಸುವವಳು ಯಾರು? ನಮ್ಮ ಮನೆಯ ಹುಡುಗಿ!

ಅವಳು ಬಂದದ್ದು ಜಿಟಿಜಿಟಿ ಮಳೆಯಲ್ಲಿ. ಅಂಗಡಿಯಣ್ಣನ ಮನೆ, ಮೇಷ್ಟ್ರ ಮನೆ ನೋಡಿಕೊಂಡು ಕೊನೆಗೆ ನಮ್ಮ ಬಾಗಿಲಿಗೆ ಬಂದಳು. ಮಂಡಿಯವರೆಗೆ ಕೆಸರು, ಕಾಲಿಗೆ ಕಚ್ಚಿಕೊಂಡ ಜಿಗಣೆ. ಹೊಸ್ತಿಲಲ್ಲಿ ನಿಂತು ಕೇಳಿದಳು:

"ಅತ್ತಿಗೆ, ಬೂಟು ಎಲ್ಲಿ ಬಿಚ್ಚಲಿ?"

"ಇಲ್ಲೇ ಬಾಗಿಲ ಹತ್ರ ಬಿಚ್ಚು. ಎಲ್ರೂ ಅಲ್ಲೇ ಬಿಚ್ಚೋದು."

"ಎಲ್ಲಿ ಕೂತ್ಕೊಂಡು?"

"ಕೂತ್ಕೊಳ್ಳೋದ್ಯಾಕೆ? ಬಗ್ಗಿ ಬಿಚ್ಚು."

"ಬಗ್ಗೋಕೆ ಆಗೋ ಹಾಗಿದ್ರೆ ಇಲ್ಲಿ ಯಾಕೆ ನಿಲ್ತಿದ್ದೆ? ಮುಂದಿನ ಊರಿಗೇ ಹೋಗ್ತಿದ್ದೆ."

ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಆಯ್ತು, ಮೇಲೆ ಬಾ. ಕೋಣೆ ನೋಡಿ ಆಮೇಲೆ ಮಾತಾಡು" ಎಂದೆ.

ಅವಳು ಮೆಟ್ಟಿಲ ಬುಡಕ್ಕೆ ಬಂದಳು, ತಲೆಯೆತ್ತಿ ಮೇಲೆ ನೋಡಿದಳು, ಮೊದಲನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಇದು ಆಗಲ್ಲ ಅತ್ತಿಗೆ."

"ಏನಾಗಲ್ಲ?"

"ಮೇಲಿನ ಕೋಣೆ. ಇಳಿದು ಬಂದವರಿಗೆ ಇದು ಆಗಲ್ಲ."

"ಮೇಲಲ್ದೆ ಇನ್ನೆಲ್ಲಿ ಮಲಗಿಸ್ತಾರೆ? ಬಂದ ಅತಿಥಿಗಳನ್ನ ದನದ ಕೊಟ್ಟಿಗೇಲಿ ಮಲಗಿಸ್ಲಾ? ನೀನು ಹತ್ತಿ ನೋಡ್ಲೂ ಇಲ್ಲ, ಕಿಟಕಿ ನೋಡಿಲ್ಲ, ಪರದೆ ನೋಡಿಲ್ಲ. ಕೂತ ಕಡೆಯಿಂದ್ಲೇ ಆಗಲ್ಲ ಅಂತೀಯಲ್ಲ!"

"ಅತ್ತಿಗೆ, ಕಾಲು ಬರ್ತಿಲ್ಲ."

"ಕಾಲು ಬರದಿದ್ರೆ ಕಣ್ಣಾದ್ರೂ ಬರಬೇಕಿತ್ತು!" ಎಂದು ನಾನು ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಬೇಡ ಅಂದದ್ದಕ್ಕಲ್ಲ ನನಗೆ ಉರಿದದ್ದು. ನೋಡದೆ ಬೇಡ ಅಂದಳಲ್ಲ, ಅದಕ್ಕೆ.

ಸ್ವಲ್ಪ ಹೊತ್ತಿನ ಮೇಲೆ, ಎಷ್ಟಾದರೂ ನಮ್ಮ ಹುಡುಗಿ ಎಂದು ಟೀ ಹಿಡಿದು ಬಂದರೆ ಅವಳು ಅಲ್ಲಿಲ್ಲ. ಹುಡುಕಿದರೆ ಆಲೂಗಡ್ಡೆ ಕೋಣೆಯಲ್ಲಿ ಸಿಕ್ಕಳು. ಅದು ಅಡುಗೆಮನೆಗೆ ಅಂಟಿಕೊಂಡ, ದಾರಿಯ ಮಟ್ಟಕ್ಕೇ ಬಾಗಿಲಿರುವ ಉಗ್ರಾಣ. ನಮ್ಮ ಒಲೆಯ ಹಿಂದಿನ ಗೋಡೆಯೇ ಆ ಕೋಣೆಯ ಒಂದು ಗೋಡೆ. ಅಲ್ಲಿ ಮೊಳೆಯಲ್ಲಿ ಅವಳ ಒದ್ದೆ ಸಾಕ್ಸು ತೂಗುತ್ತಿತ್ತು, ಅದರಿಂದ ಆವಿ ಏಳುತ್ತಿತ್ತು. ಅವಳು ಆಲೂಗಡ್ಡೆ ಮೂಟೆಗಳ ಮೇಲೆ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಲೋಟದ ಸದ್ದಿಗೆ ಎಚ್ಚರಾಗಿ, ಸುತ್ತ ನೋಡಿ, ಕೈ ಚಾಚಿ ಸಾಕ್ಸು ಮುಟ್ಟಿದಳು.

"ಅತ್ತಿಗೆ, ಕೋಣೆ ಅಂದ್ರೆ ಇದು" ಎಂದಳು.

ಆವತ್ತು ನಾನು ಅವಳಿಗೆ ಟೀ ಕೊಟ್ಟದ್ದು ಬಿಟ್ಟರೆ ಒಂದು ಮಾತೂ ಕೊಡಲಿಲ್ಲ.

ಅವಳು ಹೋದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಕೋಣೆಯಂತೆ! ಮಾಡಿಯೇ ತೋರಿಸುತ್ತೇನೆ, ಆಮೇಲೆ ನೆಪ ಹೇಳಲು ಅವಳಿಗೆ ಬಾಯಿರಬಾರದು ಎಂದು ಹಟ ಹುಟ್ಟಿತು. ಆಲೂಗಡ್ಡೆಯನ್ನೆಲ್ಲ ಹೊರಗೆ ಹಾಕಿಸಿದೆ. ನೆಲ ಸಾರಿಸಿ ಒಣಗಿಸಿ, ಮಂಚಗಳನ್ನು ಒಲೆಯ ಗೋಡೆಯ ಕಡೆಗೆ ತಲೆ ಮಾಡಿ ಹಾಕಿಸಿದೆ. ಆ ಗೋಡೆಯುದ್ದಕ್ಕೂ ಸಾಕ್ಸು ತೂಗಲು ಮೊಳೆ. ಬಾಗಿಲ ಹೊರಗೆ, ಸೂರಿನ ಕೆಳಗೆ, ಒಂದು ಬೆಂಚು. ಬಡಗಿ ಬೆಂಚಿನ ಎತ್ತರ ಎಷ್ಟಿರಲಿ ಎಂದು ಕೇಳಿದಾಗ ನನಗೆ ಉತ್ತರ ಗೊತ್ತಿರಲಿಲ್ಲ. ನನ್ನ ಗಂಡನ ಬೆನ್ನಿಗೆ ಗೊಬ್ಬರದ ಚೀಲ ಹೊರಿಸಿ ಹೊಲದ ಏರಿಯಲ್ಲಿ ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ, ಅವರು "ಅಯ್ಯೋ ಸಾಕು ಕಣೇ" ಎಂದು ಕೂರಲು ಹೊರಟಾಗ ಅವರ ಸೊಂಟ ಎಲ್ಲಿ ನಿಂತಿತೋ ಅಲ್ಲಿಗೆ ಅಳತೆ ಹಿಡಿದೆ. ಬಡಗಿ ನಕ್ಕು ನಕ್ಕು ಉಳಿಯನ್ನೇ ಕೆಳಗೆ ಹಾಕಿದ. ಅದೇ ಲೆಕ್ಕದಲ್ಲಿ ಪಾಯಿಖಾನೆಗೂ ಕೂರುವ ಎತ್ತರದ ಪೀಠ ಕೂರಿಸಿ, ಗೋಡೆಗೆ ಹಿಡಿದು ಏಳಲು ಒಂದು ಸರಳು ಹಾಕಿಸಿದೆ.

ಎರಡನೆಯ ಸಲ ಬಂದಾಗ ಅವಳು ಏನೂ ಕೇಳಲಿಲ್ಲ. ಬೆಂಚಿನ ಮೇಲೆ ಕೂತಳು. ಕೂತವಳು ಅಲ್ಲೇ ಕಣ್ಣು ಮುಚ್ಚಿ ಒಂದು ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರು ಕೇಳಿ ನಾನು ಗೆದ್ದೆ ಎಂದುಕೊಂಡೆ. ಗೆದ್ದದ್ದು ಯಾರ ಮೇಲೆ ಎಂದು ಮಾತ್ರ ಯೋಚಿಸಲಿಲ್ಲ.

ಬೋರ್ಡು ನಮ್ಮ ಮನೆಗೆ ಎಂದು ಸಂಘದ ಅಧ್ಯಕ್ಷರು ಅಂಗಡಿಯ ಮುಂದೆ ನಿಂತು ಹೇಳಿದ ಕೂಡಲೇ ಊರು ಎದ್ದು ಕೂತಿತು. ಅಂಗಡಿಯಣ್ಣನ ಮುಖ ಕೆಂಪಾಯಿತು.

"ಅಣ್ಣನ ಮನೆ ಆರಿಸೋಕೆ ಬೆಟ್ಟ ಯಾಕೆ ಹತ್ತಬೇಕಿತ್ತು? ಪೇಟೇಲಿ ಕೂತೇ ಆರಿಸಬಹುದಿತ್ತಲ್ಲ!" ಎಂದ. ಜನ ಗೊಳ್ಳೆಂದು ನಕ್ಕರು.

ಮೇಷ್ಟ್ರು ಸಮಾಧಾನದ ದನಿಯಲ್ಲೇ ಚುಚ್ಚಿದರು. "ಕಣಿವೆ ಕಾಣೋ ಮಹಡಿ ಬಿಟ್ಟು ಆಲೂಗಡ್ಡೆ ಕೋಣೆಗೆ ಮಣೆ ಹಾಕಿದ್ದಾರೆ ಅಂದ್ರೆ, ಅದಕ್ಕೆ ರಕ್ತಸಂಬಂಧ ಬಿಟ್ಟು ಬೇರೆ ಕಾರಣ ನನಗಂತೂ ಕಾಣಲ್ಲ."

ಅಧ್ಯಕ್ಷರು ಒಳ್ಳೆಯವರೇ. ಆದರೆ ರಗಳೆ ಎಂದರೆ ಮಾರು ದೂರ ಹೋಗುವ ಮನುಷ್ಯ. "ಸುಮ್ನೆ ಗಲಾಟೆ ಬೇಡ. ಮನೆ ನೋಡೋಕೆ ಬೇರೆಯವರನ್ನ ಕಳಿಸ್ತೀನಿ. ನೀನು ಸ್ವಲ್ಪ ದಿನ ಮನೇಲಿರಮ್ಮ" ಎಂದು ನಾದಿನಿಗೆ ಹೇಳಿದರು.

ಸ್ವಲ್ಪ ದಿನ ಎಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತನ್ನವರಿಗೆ ಮಾಡಿಕೊಟ್ಟಳು ಎಂಬ ಹೆಸರು ಒಮ್ಮೆ ಅಂಟಿದರೆ, ಅವಳು ಆರಿಸಿದ ಯಾವ ಮನೆಯನ್ನೂ ಯಾರೂ ನಂಬುವುದಿಲ್ಲ. ಆ ಮೊಣಕಾಲಿನಲ್ಲಿ ಮತ್ತೆ ಮೂಟೆ ಹೊರುವಂತಿಲ್ಲ. ಇಷ್ಟು ವರ್ಷ ತಲೆ ಎತ್ತಿ ಓಡಾಡಿದವಳು ಇನ್ನು ಪೇಟೆಯ ಕೋಣೆ ಖಾಲಿ ಮಾಡಿ, ನಮ್ಮ ಮನೆಯ ಮೂಲೆಯಲ್ಲಿ ತರಕಾರಿ ಹೆಚ್ಚುತ್ತಾ ಕೂರಬೇಕು. ಅವಳನ್ನು ಪಕ್ಕಕ್ಕೆ ಎಳೆದುಕೊಂಡು ಹೋದೆ.

"ನೋಡು, ನಮ್ಮ ಮನೆ ಬೇಡ ಅಂತ ಈಗ್ಲೇ ಹೇಳಿಬಿಡು. ಆ ಗಾಜಿನ ಮನೆಗೆ ಬೋರ್ಡು ಹೊಡ್ಕೊಳ್ಳಲಿ, ಹಾಳಾಗಿ ಹೋಗ್ಲಿ. ನೀನು ಕೆಲಸ ಉಳಿಸ್ಕೋ."

ಅವಳು ನನ್ನ ಕೈ ಬಿಡಿಸಿಕೊಂಡಳು. "ಅತ್ತಿಗೆ, ಈ ಊರಲ್ಲಿ ಇಳಿದು ಬಂದವರಿಗೆ ಒಳ್ಳೇ ಕೋಣೆ ಅಂದ್ರೆ ಅದೊಂದೇ. ಅದು ಅಣ್ಣನ ಮನೇಲಿದೆ ಅನ್ನೋದು ಕೋಣೆಯ ತಪ್ಪಾ?"

ಹೇಳಿದವಳೇ ಕುಂಟುತ್ತಾ ಜನರ ನಡುವೆ ಹೋಗಿ ನಿಂತಳು. ದನಿ ಏರಿಸಲಿಲ್ಲ.

"ಅಧ್ಯಕ್ಷರೇ, ಬೇರೆಯವರನ್ನ ಕಳಿಸಿ, ನನ್ನ ಅಭ್ಯಂತರ ಇಲ್ಲ. ಬೇರೆಯವರು ಯಾರೋ ಯಾಕೆ? ಇವರೇ ನೋಡ್ಲಿ. ನಾಳೆ ಬೆಳಿಗ್ಗೆ ಅಂಗಡಿಯಣ್ಣ, ಮೇಷ್ಟ್ರು, ನಮ್ಮಣ್ಣ, ನೀವು, ಎಲ್ರೂ ನನ್ನ ಜೊತೆ ನೆತ್ತಿಗೆ ಬನ್ನಿ. ಚಾರಣಿಗರ ಚೀಲದಷ್ಟೇ ಭಾರ ಬೆನ್ನ ಮೇಲಿರ್ಲಿ. ಸಂಜೆ ಇಳಿದು ಬರುವಾಗ ಮೂರು ಮನೆ ಬಾಗಿಲೂ ತೆಗೆದಿರ್ಲಿ, ಮೂರು ಮನೇಲೂ ನೀರು ಕಾದಿರ್ಲಿ. ಯಾರೂ ಯಾರನ್ನೂ ಕರೆಯೋ ಹಾಗಿಲ್ಲ. ನಿಮ್ಮ ಕಾಲು ಯಾವ ಮನೆಗೆ ಹೋಗುತ್ತೋ ಅದಕ್ಕೆ ಬೋರ್ಡು ಹೊಡೀರಿ. ನಮ್ಮಣ್ಣನ ಕಾಲು ಲೆಕ್ಕಕ್ಕೆ ಬೇಡ."

ಅಂಗಡಿಯಣ್ಣ ಬಿದ್ದು ಬಿದ್ದು ನಕ್ಕ. "ನನ್ನ ಕಾಲಿಗೆ ನನ್ನ ಮನೆ ಗೊತ್ತಿಲ್ವಾ? ನಡಿ, ನಾಳೆನೇ ಆಗ್ಲಿ!" ಮೇಷ್ಟ್ರೂ ಒಪ್ಪಿದರು. ನಮ್ಮ ಊರಿನ ಗಂಡಸರು ಬೆಟ್ಟದಲ್ಲೇ ಹುಟ್ಟಿದವರು, ನಿಜ. ಆದರೆ ಜೀಪಿನ ರಸ್ತೆ ಬಂದ ಮೇಲೆ ನೆತ್ತಿ ಕಂಡವರು ಯಾರೂ ಇರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಗಂಡಸೂ ಇರಲಿಲ್ಲ.

ಬೆಳಿಗ್ಗೆ ಭಾರಕ್ಕೆ ಏನು ತುಂಬುವುದು ಎಂಬ ಪ್ರಶ್ನೆ ಬಂತು. ನಾನು ಅಂಗಳ ತೋರಿಸಿದೆ. ಉಗ್ರಾಣದಿಂದ ಹೊರಬಿದ್ದ ನಮ್ಮ ಆಲೂಗಡ್ಡೆ ಅಲ್ಲೇ ಟಾರ್ಪಾಲಿನ ಕೆಳಗೆ ರಾಶಿ ಬಿದ್ದಿತ್ತು. ಎಲ್ಲರ ಚೀಲಕ್ಕೂ ಧಾರಾಳವಾಗಿ ತುಂಬಿಸಿದೆ. ಅಂಗಡಿಯಣ್ಣನ ಚೀಲಕ್ಕೆ ಇನ್ನೊಂದು ಹಿಡಿ ಜಾಸ್ತಿ.

ಅವರು ಹೋದ ಮೇಲೆ ಮನೆಯಲ್ಲಿ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಲೆ ಹಚ್ಚಿದೆ, ನೀರಿಟ್ಟೆ, ಬೆಂಚು ಒರೆಸಿದೆ, ಒರೆಸಿದ್ದನ್ನೇ ಒರೆಸಿದೆ. ಮಧ್ಯಾಹ್ನದ ಮಂಜು ಹತ್ತಿ ಬಂತು, ಅದರ ಹಿಂದೆಯೇ ಮಳೆ. ಕೊನೆಗೆ ಮೇಲಿನ ಕೋಣೆಗೆ ಹೋಗಿ, ನೀಲಿ ಪರದೆ ಸರಿಸಿ, ಕಿಟಕಿ ತೆರೆದು ನಿಂತೆ. ಬೋರ್ಡಿನ ಆಸೆ ಆಗ ನನಗಿರಲಿಲ್ಲ. ಅವಳ ತಲೆ ತಗ್ಗದಿದ್ದರೆ ಸಾಕಿತ್ತು.

ಮಂಜಿನೊಳಗಿಂದ ಮೊದಲು ಕಾಣಿಸಿದ್ದು ಎರಡು ಕೋಲು, ಆಮೇಲೆ ಅವಳು. ಬೆಳಿಗ್ಗೆ ಹೇಗೆ ಹೋಗಿದ್ದಳೋ ಹಾಗೇ, ಒಂದೇ ಲಯದಲ್ಲಿ ಕುಂಟುತ್ತಾ ಬರುತ್ತಿದ್ದಳು. ಅವಳ ಹಿಂದೆ ಗಂಡಸರು. ನನ್ನ ಗಂಡ ಅಡ್ಡಡ್ಡ ಹೆಜ್ಜೆ ಹಾಕುತ್ತಿದ್ದರು. ಅಧ್ಯಕ್ಷರು ಸಿಕ್ಕ ಸಿಕ್ಕ ಗಿಡ ಹಿಡಿದುಕೊಳ್ಳುತ್ತಿದ್ದರು. ಮೇಷ್ಟ್ರು ಹಿಮ್ಮುಖವಾಗಿ ಇಳಿಯುತ್ತಿದ್ದರು, ಇಡೀ ಬೆಟ್ಟಕ್ಕೆ ಪಾಠ ಹೇಳುತ್ತಿರುವ ಹಾಗೆ ಕಾಣುತ್ತಿತ್ತು. ಎಲ್ಲರಿಗಿಂತ ಹಿಂದೆ ಅಂಗಡಿಯಣ್ಣ. ಅವನ ಬಾಯಿ ಬಂದ್ ಆದದ್ದನ್ನು ನಾನು ಕಂಡದ್ದು ಅದೇ ಮೊದಲು. ಹತ್ತುವಾಗ ನೆತ್ತಿಯವರೆಗೂ ಅವನೇ ಮುಂದಿದ್ದನಂತೆ. ಇಳಿಯಲು ಶುರು ಮಾಡಿದ ಮೇಲೆ ಮಾತೂ ನಿಂತಿತು, ಕಾಲೂ ನಿಂತಿತು ಎಂದು ಆಮೇಲೆ ನನ್ನ ಗಂಡ ಹೇಳಿದರು.

ದಾರಿಯಲ್ಲಿ ಮೊದಲು ಸಿಗುವುದು ಗಾಜಿನ ಮನೆ. ಅಂಗಡಿಯಣ್ಣ ಕಲ್ಲಿನ ಮೆಟ್ಟಿಲುಗಳ ಬುಡದಲ್ಲಿ ನಿಂತ. ಮೇಲೆ ಗಾಜಿನ ಹಿಂದೆ ದೀಪ ಉರಿಯುತ್ತಿತ್ತು, ಹೂಕುಂಡಗಳು ಮಳೆಯಲ್ಲಿ ಫಳಫಳ ಹೊಳೆಯುತ್ತಿದ್ದವು. ಅವನು ಮೊದಲನೆಯ ಮೆಟ್ಟಿಲ ಮೇಲೆ ಕಾಲಿಟ್ಟ. ಕಾಲು ಗಡಗಡ ನಡುಗಿತು. ಇಳಿಸಿದ. ಇನ್ನೊಂದು ಕಾಲಿಟ್ಟು ನೋಡಿದ. ಆಮೇಲೆ ಯಾರ ಮುಖವನ್ನೂ ನೋಡದೆ, "ಮುಂದಿನ ಮನೆಗಳನ್ನೂ ಒಂದ್ಸಲ ನೋಡಿಬಿಡೋಣ, ನ್ಯಾಯ ಅಂದ್ರೆ ನ್ಯಾಯ" ಎಂದು ಮುಂದೆ ಹೊರಟ. ಕಿಟಕಿ ತೆರೆದಿದ್ದರಿಂದ ಆ ಮಾತು ನನಗೆ ಅಕ್ಷರ ಅಕ್ಷರವೂ ಕೇಳಿಸಿತು. ನಾನು ಪರದೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ನಕ್ಕೆ.

ಮೇಷ್ಟ್ರ ಮನೆಯ ಮುಂದೆ ಕರೆಯಬಾರದು ಎಂಬ ನಿಯಮ ಮುರಿಯಿತು. ಅವರ ಹೆಂಡತಿ ಮಹಡಿಯಿಂದ ಬಗ್ಗಿ, "ರೀ, ಬನ್ನಿ ಮೇಲೆ! ನೀರು ಕಾದಿದೆ, ಹಾಸಿಗೆ ಹಾಸಿದೆ!" ಎಂದು ಕೂಗಿದರು.

ಮೇಷ್ಟ್ರು ಹೆಂಡತಿಯನ್ನು ನೋಡಿದರು, ಒಳಗಿನ ಮೆಟ್ಟಿಲನ್ನು ನೋಡಿದರು. "ಇವರನ್ನ ಅರ್ಧ ದಾರೀಲಿ ಬಿಟ್ಟು ಹೇಗೆ ಬರ್ಲಿ? ಸ್ವಲ್ಪ ಜೊತೆಗೆ ಹೋಗಿ ಬಂದುಬಿಡ್ತೀನಿ" ಎಂದರು.

"ಎಲ್ಲಿಗೆ?"

ಮೇಷ್ಟ್ರ ಕಾಲು ಆಗಲೇ ಇಳಿಜಾರಿನಲ್ಲಿ ಹೊರಟಾಗಿತ್ತು.

ನಾನು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಒಲೆಯ ಮುಂದೆ ನಿಂತುಕೊಂಡೆ. ಹೊರಗೆ ಹೆಜ್ಜೆ ಸದ್ದು. ಆಮೇಲೆ ಬೆಂಚು ಕಿರ್ರೆಂದಿತು. ಮತ್ತೊಮ್ಮೆ ಕಿರ್ರೆಂದಿತು. ಇಣುಕಿ ನೋಡಿದರೆ ಅಂಗಡಿಯಣ್ಣ, ಮೇಷ್ಟ್ರು, ಅಧ್ಯಕ್ಷರು ಮೂವರೂ ಸಾಲಾಗಿ ಬೆಂಚಿನ ಮೇಲೆ. ಚೀಲ ಇಳಿಸಲೂ ಶಕ್ತಿಯಿಲ್ಲದೆ ಗೋಡೆಗೆ ಒರಗಿದ್ದಾರೆ. ನನ್ನ ಗಂಡ ಜಾಗವಿಲ್ಲದೆ ಹೊಸ್ತಿಲ ಮೇಲೆ ಕುಕ್ಕರಿಸಿದ್ದಾರೆ.

ನಾದಿನಿ ಅವರೆದುರು ಕೋಲೂರಿ ನಿಂತಳು. "ಅಂಗಡಿಯಣ್ಣ, ಮೊಣಕಾಲು ಹೇಗಿದೆ?"

ಅವನು ಕಣ್ಣು ತೆರೆಯಲಿಲ್ಲ. "ಮಾತಾಡಿಸ್ಬೇಡ ತಾಯಿ. ಮೊದ್ಲು ಯಾರಾದ್ರೂ ಈ ಬೂಟು ಬಿಚ್ಚಿ."

ಬೂಟು ಬಿಚ್ಚಿದ್ದಾಯಿತು. ಹಿಂದೆಯೇ ಮೇಷ್ಟ್ರ ಹೆಂಡತಿ ಕೊಡೆ ಹಿಡಿದು ದುಡುದುಡು ಬಂದರು, ಗಂಡನನ್ನು ಎಳೆದುಕೊಂಡು ಹೋಗಲು. ಬಂದು ನೋಡುತ್ತಾರೆ, ಮೇಷ್ಟ್ರು ಒಳಗೆ ಒಲೆಯ ಗೋಡೆಗೆ ಬೆನ್ನು ಕೊಟ್ಟು ಮಂಚದ ಮೇಲೆ ಕಾಲು ಚಾಚಿ, ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದಾರೆ. ಆ ಅಮ್ಮ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದರು. ಬಿಸಿ ತಾಗಿತು. ಇನ್ನೊಂದು ಕೈಯನ್ನೂ ಇಟ್ಟರು. "ನಾನೂ ಸ್ವಲ್ಪ ಕೂತ್ಕೊಳ್ಳಾ?" ಎಂದು ನನ್ನನ್ನು ಕೇಳಿದರು.

ಅಧ್ಯಕ್ಷರು ಟೀ ಮುಗಿಸಿ, ಲೋಟ ಇಟ್ಟು, ಗಂಟಲು ಸರಿಮಾಡಿಕೊಂಡರು. "ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?"

ಅಂಗಡಿಯಣ್ಣ ಕಂಬಳಿಯೊಳಗಿಂದಲೇ ಹೇಳಿದ: "ಹೇಳೋದೇನಿದೆ? ಬೋರ್ಡು ಇಲ್ಲೇ ಹೊಡೀರಿ. ಆದ್ರೆ ಈಗ ಹೊಡೀಬೇಡಿ, ಸುತ್ತಿಗೆ ಸದ್ದಿಗೆ ಎಚ್ಚರ ಆಗುತ್ತೆ." ಆಮೇಲೆ ತಲೆ ಹೊರಗೆ ಹಾಕಿ, "ಮೊಣಕಾಲಕ್ಕ, ನಮ್ಮನೆ ಮೆಟ್ಟಿಲ ಕೆಳಗೆ ಒಂದು ಗೋದಾಮಿದೆ. ಬಿಡುವಾದಾಗ ಬಂದು ನೋಡಮ್ಮ" ಎಂದ.

"ದಣಿದು ಬಂದು ನೋಡ್ತೀನಿ" ಎಂದಳು ಅವಳು. ಕೋಣೆಯಲ್ಲಿ ನಗು ಎದ್ದಿತು. ಅಧ್ಯಕ್ಷರು ಕೂತಲ್ಲಿಂದ ಏಳಲಾಗದೆ, ಅಲ್ಲಿಂದಲೇ ಅವಳಿಗೆ ಕೈಮುಗಿದರು. "ಇನ್ಮೇಲೆ ನೀನು ಆರಿಸಿದ ಮನೆ ವಿಷಯದಲ್ಲಿ ನಾನು ಬಾಯಿ ಹಾಕಿದ್ರೆ ಕೇಳು" ಎಂದರು. ಅವಳು ಗೆದ್ದಿದ್ದಳು. ಊರಿಗೆ ಊರೇ ನೋಡುವ ಹಾಗೆ, ಎದುರಾಳಿಗಳ ಬಾಯಲ್ಲೇ ಹೇಳಿಸಿ ಗೆದ್ದಿದ್ದಳು. ನನಗೆ ಕುಣಿಯಬೇಕೆನ್ನಿಸಿತು. ಅಡುಗೆಮನೆಗೆ ಹೋಗಿ ಎರಡು ಸುತ್ತು ಕುಣಿದೂ ಬಂದೆ, ಸುಳ್ಳೇಕೆ ಹೇಳಲಿ. ಹೊರಗೆ ಹಾಕಿಸಿದ ನನ್ನ ಆಲೂಗಡ್ಡೆ ಅವರೆಲ್ಲರ ಬೆನ್ನೇರಿ, ಬೆಟ್ಟ ಸುತ್ತಿ, ಮತ್ತೆ ಅದೇ ಕೋಣೆಗೆ ಬಂದು ಬಿದ್ದಿತ್ತು.

ತಿರುಗಿ ಬಂದಾಗ ನಾದಿನಿ ಮೆಟ್ಟಿಲ ಬುಡದಲ್ಲಿ ಕೂತಿದ್ದಳು. ಮೊದಲ ದಿನ ಕೂತಿದ್ದ ಅದೇ ಮೆಟ್ಟಿಲು.

"ಅತ್ತಿಗೆ, ಕೆಳಗೆ ಎಲ್ಲಾ ಮಂಚ ತುಂಬಿದೆ. ನಾನೆಲ್ಲಿ ಮಲಗಲಿ?"

"ಅಡುಗೆಮನೇಲಿ ಹಾಸ್ತೀನಿ ಇರು."

"ಯಾಕೆ? ಮೇಲಿನ ಕೋಣೆ ಇದೆಯಲ್ಲ."

ನನಗೆ ಹಳೆಯ ಸಿಟ್ಟು ಸರಕ್ಕನೆ ಬಂತು. "ಅದು ಆಗಲ್ಲ ಅಂದಿದ್ಯಲ್ಲ!"

"ಅತಿಥಿಗಳಿಗೆ ಆಗಲ್ಲ ಅಂದೆ. ನಾನೇನು ಅತಿಥಿನಾ?"

ಅವಳು ಮೆಟ್ಟಿಲಿಗೆ ಬೆನ್ನು ಮಾಡಿ, ಕೈಯೂರಿ, ಹಿಂದಕ್ಕೆ ಒಂದು ಮೆಟ್ಟಿಲು ಏರಿದಳು. ನಾನು ಕೆಳಗಿನಿಂದ ಅವಳ ಬಲಗಾಲಿನ ಹಿಮ್ಮಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ. ಅವಳು ಏರಿದಂತೆ ನಾನೂ ಏರಿದೆ. ನೋವಿಗೆ ಅವಳ ಮುಖ ಹಿಂಡಿಕೊಳ್ಳುತ್ತಿತ್ತು. ಮಧ್ಯದಲ್ಲಿ ಇಬ್ಬರಿಗೂ ನಗು ಬಂದು ಅಲ್ಲೇ ಕೂತು ನಕ್ಕು, ಮತ್ತೆ ಏರಿದೆವು.

ಮೇಲೆ ಹೋಗುವ ಹೊತ್ತಿಗೆ ಮಳೆ ನಿಂತು, ಮಂಜು ಹರಿದು, ಕಣಿವೆಯ ಮೇಲೆ ಸಂಜೆಯ ಕೊನೆಯ ಬೆಳಕು ಬಿದ್ದಿತ್ತು. ಅವಳು ಕಿಟಕಿಯ ಪಕ್ಕದ ಮಂಚದ ಮೇಲೆ ಒರಗಿ, ಪರದೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಕೈ ಹೊಲಿಗೆ" ಎಂದಳು.

"ಮತ್ತೆ? ಮೆಷಿನ್ ಎಲ್ಲಿದೆ ನನ್ನ ಹತ್ರ?"

"ಮೊದಲನೇ ದಿನ ಬಂದಾಗ ಮೇಲಿಂದ ಇಳಿಯೋ ದಾರೀಲಿ ಊರಲ್ಲಿ ನನಗೆ ಕಂಡದ್ದು ಈ ನೀಲಿ ಪರದೆ ಒಂದೇ ಅತ್ತಿಗೆ. ಕಾಲು ಬರ್ತಿರ್ಲಿಲ್ಲ. ಇದನ್ನೇ ನೋಡ್ಕೊಂಡು ಇಳಿದೆ."

ಇಷ್ಟು ದಿನ ನೋಡಿಲ್ಲ, ನೋಡಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ, ಅವಳು ಎಲ್ಲರಿಗಿಂತ ಮೊದಲೇ ನೋಡಿದ್ದಳು. "ಅದನ್ನ ಆವತ್ತೇ ಹೇಳೋಕೆ ನಿನಗೇನಾಗಿತ್ತು?" ಎಂದು ಗದರಿದೆ.

"ನೀವು ಬಾಯಿ ಬಿಡೋಕೆ ಎಲ್ಲಿ ಬಿಟ್ರಿ?" ಎಂದು ಹೇಳಿ ಅವಳು ಕಂಬಳಿ ಎಳೆದುಕೊಂಡಳು.

ನಾನು ಅವಳ ಒದ್ದೆ ಸಾಕ್ಸು ತೆಗೆದುಕೊಂಡು ಕೆಳಗಿಳಿದೆ. ಆಲೂಗಡ್ಡೆ ಕೋಣೆಯಲ್ಲಿ ಗೊರಕೆ ಶುರುವಾಗಿತ್ತು. ಒಲೆಯ ಗೋಡೆಯ ಮೇಲೆ ಒಂದು ಮೊಳೆಯೂ ಖಾಲಿ ಇರಲಿಲ್ಲ. ಅಂಗಡಿಯಣ್ಣನ ಸಾಕ್ಸು ಕಿತ್ತು ಕಿಟಕಿಯ ಸರಳಿಗೆ ಸಿಕ್ಕಿಸಿ, ಆ ಜಾಗದಲ್ಲಿ ಅವಳದನ್ನು ತೂಗುಹಾಕಿದೆ.